ಮಾಜಿ ಶಾಸಕರಿಗೆ 75 ಸಾವಿರ, ಮುದುಕರಿಗೆ 1,200

2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ಹನಿಟ್ರ್ಯಾಪ್ ಗದ್ದಲ. ಕಾಗದ ಹರಿದು ಸಭಾಧ್ಯಕ್ಷರ ಪೀಠದತ್ತ ಎಸೆದಿದ್ದಾಯಿತು, ಬಿಜೆಪಿಯ 18 ಶಾಸಕರು ಅಮಾನತಾಗಿದ್ದೂ ಆಯಿತು. ಅದೇ ಗದ್ದಲದ ನಡುವೆ ಒಂದು ಕೆಲಸ ಮಾತ್ರ ಸುಸೂತ್ರವಾಗಿ ಮುಗಿಯಿತು. ಶಾಸಕರ ಮೂಲ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ, ಮಾಜಿ ಶಾಸಕರ ಪಿಂಚಣಿ 50 ಸಾವಿರದಿಂದ 75 ಸಾವಿರಕ್ಕೆ ಏರಿತು. ಚರ್ಚೆ ಇರಲಿಲ್ಲ, ಸಮಿತಿಯೂ ಇರಲಿಲ್ಲ. ಜೀವನ ವೆಚ್ಚ ಏರಿದೆ ಎಂಬುದೊಂದೇ ಕಾರಣ ಸಾಕಾಯಿತು.

ಜೀವನ ವೆಚ್ಚ ಅರಸೀಕೆರೆಯಲ್ಲೂ ಏರಿದೆ. ರೈಲು ಜಂಕ್ಷನ್ನಿನ ಅರಸೀಕೆರೆಯ ಮಾತಲ್ಲ ಇದು; ಹರಪನಹಳ್ಳಿ ತಾಲ್ಲೂಕಿನ ನಮ್ಮ ಅರಸೀಕೆರೆಯದು. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, ಅಲ್ಲಿಂದ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಸೇರಿದ ತಾಲ್ಲೂಕು. ಜಿಲ್ಲೆ ಮೂರು ಸಲ ಬದಲಾಯಿತು, ಜನರ ಪಾಡು ಅಷ್ಟು ಬದಲಾಗಲಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಐದೂ ಕಡೆ ಮಳೆ ಕೈಕೊಟ್ಟ ವರ್ಷ ದುಡಿಯುವ ಕೈಗಳು ಗುಳೆ ಹೋಗುತ್ತವೆ. ಕೆಲವರು ಕಾಫಿ ತೋಟಕ್ಕೆ, ಕೆಲವರು ಕಬ್ಬು ಕಡಿಯಲು, ಉಳಿದವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಊರು ಕಾಯುವವರು ಮುದುಕರು ಮತ್ತು ಅವರ ಮಡಿಲಲ್ಲಿ ಬಿಟ್ಟುಹೋದ ಮೊಮ್ಮಕ್ಕಳು. ಆ ಮನೆಗಳಲ್ಲಿ 'ಪಗಾರ ಬಂತೇನು?' ಎಂದು ಕೇಳಿದರೆ ಅದು ಯಾರ ಸಂಬಳದ ಮಾತೂ ಅಲ್ಲ, ಮುದುಕರ ಮಾಸಾಶನದ ಮಾತು.

ಆ ಪಗಾರ ಎಷ್ಟು? 65 ದಾಟಿದವರಿಗೆ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ರೂಪಾಯಿ. 2021ರ ಜುಲೈಯಲ್ಲಿ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾದ ದಿನವೇ ಸಾವಿರವನ್ನು ಸಾವಿರದ ಇನ್ನೂರು ಮಾಡಿದರು. ಶಾಸಕರು ತಮ್ಮ ಪಿಂಚಣಿ ಏರಿಸಿಕೊಂಡ ದಿನವೂ ಅದು ಅಷ್ಟೇ ಇತ್ತು. ವಿಧವಾ ವೇತನ 800. ಕೇಂದ್ರ ಸರ್ಕಾರದ ಔದಾರ್ಯ ಇನ್ನೂ ದೊಡ್ಡದು: ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ 60ರಿಂದ 79ರವರೆಗಿನವರಿಗೆ ದೆಹಲಿ ಕೊಡುವ ಪಾಲು 200 ರೂಪಾಯಿ, 2007ರಿಂದ ಒಂದು ಪೈಸೆ ಕದಲಿಲ್ಲ. ತಿಂಗಳಿಗೆ 1,200 ಎಂದರೆ ದಿನಕ್ಕೆ 40 ರೂಪಾಯಿ; ಅದರಲ್ಲೇ ಅಜ್ಜಿ ಜೋಳ ತರಬೇಕು, ಬಿಪಿ ಮಾತ್ರೆ ತರಬೇಕು, ಆಧಾರ್‌ನಲ್ಲಿ ವಯಸ್ಸು ತಪ್ಪಾಗಿ ಹಣ ನಿಂತರೆ ನಾಡಕಚೇರಿಗೆ ಬಸ್ಸಿನಲ್ಲಿ ಅಲೆಯಲೂಬೇಕು. ಹೆಂಗಸರಿಗೆ ಬಸ್ಸು ಈಗ ಪುಕ್ಕಟೆ, ಅಷ್ಟರಮಟ್ಟಿಗೆ ಬಚಾವು. ಒಬ್ಬ ಮಾಜಿ ಶಾಸಕರ ಒಂದು ತಿಂಗಳ ಪಿಂಚಣಿಯಲ್ಲಿ ಇಂಥ 62 ಜನರಿಗೆ ಮಾಸಾಶನ ಕೊಡಬಹುದು.

ಸರ್ಕಾರಿ ನೌಕರರ ಪಿಂಚಣಿಯ ಜಗಳವನ್ನೂ ಈ ಬೆಳಕಿನಲ್ಲೇ ನೋಡಬೇಕು. 2006ರ ಏಪ್ರಿಲ್ 1ರಿಂದ ಸೇವೆಗೆ ಸೇರಿದವರಿಗೆ ಕರ್ನಾಟಕ ಹಳೆಯ ಪಿಂಚಣಿ ನಿಲ್ಲಿಸಿ ಎನ್‌ಪಿಎಸ್ ತಂದಿತು. ಆಗ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ, ಹಣಕಾಸು ಬಿ.ಎಸ್. ಯಡಿಯೂರಪ್ಪ ಅವರ ಕೈಯಲ್ಲಿ. ಆಮೇಲೆ ಕಾಂಗ್ರೆಸ್ಸೂ ಆಳಿತು, ಯಾರೂ ಬದಲಿಸಲಿಲ್ಲ. ಹಳೆಯ ಪದ್ಧತಿಯಲ್ಲಿ ಕೊನೆಯ ಸಂಬಳದ ಅರ್ಧ ಪಿಂಚಣಿ, ಅದರ ಮೇಲೆ ತುಟ್ಟಿಭತ್ಯೆ. ಹೊಸದರಲ್ಲಿ ನೌಕರನ ಸಂಬಳದಿಂದ ಶೇ 10 ಕಡಿತ, ಸರ್ಕಾರದ್ದು ಮೊದಲು ಶೇ 10, ಈಗ ಶೇ 14. ಹಣ ಮಾರುಕಟ್ಟೆಗೆ ಹೋಗುತ್ತದೆ. ನಿವೃತ್ತಿಯ ದಿನ ಗಂಟಿನ ಶೇ 60 ಕೈಗೆ, ಉಳಿದ ಶೇ 40ರಿಂದ ತಿಂಗಳ ಪಿಂಚಣಿ. ತಡವಾಗಿ ಸೇರಿದ ಮೇಷ್ಟ್ರ ಗಂಟು 20 ಲಕ್ಷವಾಯಿತು ಎನ್ನಿ. ಪಿಂಚಣಿಗೆ ಉಳಿಯುವುದು 8 ಲಕ್ಷ, ಶೇ 6ರ ಲೆಕ್ಕದಲ್ಲಿ ತಿಂಗಳಿಗೆ 4,000. ಅದಕ್ಕೆ ತುಟ್ಟಿಭತ್ಯೆ ಇಲ್ಲ. ಇದನ್ನು ಪಿಂಚಣಿ ಎಂದು ಕರೆಯಲು ಧೈರ್ಯ ಬೇಕು.

ಆದ್ದರಿಂದ 2022ರ ಡಿಸೆಂಬರ್‌ನಲ್ಲಿ ಫ್ರೀಡಂ ಪಾರ್ಕ್‌ನಲ್ಲಿ ಕೂತ ನೌಕರರ ಸಿಟ್ಟು ನ್ಯಾಯವಾದದ್ದೇ. 2023ರ ಮಾರ್ಚ್ 1ರ ಮುಷ್ಕರಕ್ಕೆ ಬೊಮ್ಮಾಯಿ ಸರ್ಕಾರ ಶೇ 17 ಮಧ್ಯಂತರ ಪರಿಹಾರ ಕೊಟ್ಟು, ಹಳೆಯ ಪಿಂಚಣಿಗೆ ಸಮಿತಿ ಎಂದಿತು. ಕಾಂಗ್ರೆಸ್ ತನ್ನ ಪ್ರಣಾಳಿಕೆಯಲ್ಲಿ 'ಸಹಾನುಭೂತಿಯಿಂದ ಪರಿಶೀಲನೆ' ಎಂದು ಬರೆದುಕೊಂಡು ಗೆದ್ದಿತು, ಅದೂ ಸಮಿತಿ ಎಂದಿತು. 2006ರ ಏಪ್ರಿಲ್‌ಗೆ ಮುಂಚಿನ ಅಧಿಸೂಚನೆಯಲ್ಲಿ ಆಯ್ಕೆಯಾಗಿದ್ದ ಸುಮಾರು 13 ಸಾವಿರ ಜನರಿಗೆ 2024ರ ಜನವರಿಯಲ್ಲಿ ಹಳೆಯ ಪಿಂಚಣಿ ಕೊಟ್ಟದ್ದು ಸರಿ. ಉಳಿದವರನ್ನು ಹೌದು ಎನ್ನದೆ ಇಲ್ಲ ಎನ್ನದೆ ಕೂರಿಸಿರುವುದು ಮೋಸ.

ನಾವು ಹೇಳುವುದು ಇಷ್ಟು: ಹಳೆಯ ಪಿಂಚಣಿ ಇದ್ದಂತೆಯೇ ಮರಳಬಾರದು. ನೌಕರರಿಗೆ ಕಹಿ ಎನಿಸಿದರೂ ಹೇಳಲೇಬೇಕು. ರಾಜ್ಯಗಳೆಲ್ಲ ಹಿಂದಕ್ಕೆ ಹೋದರೆ ಹೊರೆ ಎನ್‌ಪಿಎಸ್‌ನ ನಾಲ್ಕೂವರೆ ಪಟ್ಟಾದೀತು ಎಂದು ರಿಸರ್ವ್ ಬ್ಯಾಂಕಿನ ಬುಲೆಟಿನ್ 2023ರಲ್ಲೇ ಎಚ್ಚರಿಸಿದೆ. ಆ ಬಿಲ್ಲು ಬರುವುದು ಈಗ ಚಪ್ಪಾಳೆ ಗಿಟ್ಟಿಸುವವರಿಗಲ್ಲ, 2040ರಲ್ಲಿ ತೆರಿಗೆ ಕಟ್ಟುವ ಇಂದಿನ ಮಕ್ಕಳಿಗೆ. ಕೆ. ಸುಧಾಕರ್ ರಾವ್ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್‌ನಿಂದ ಕೊಟ್ಟ ಸಂಬಳ ಹೆಚ್ಚಳವೊಂದರ ಖರ್ಚೇ ವರ್ಷಕ್ಕೆ 20,208 ಕೋಟಿ. ಗ್ಯಾರಂಟಿಗಳಿಗೆ 51 ಸಾವಿರ ಕೋಟಿ ಇದೆ, ಹಳೆಯ ಪಿಂಚಣಿಗೇಕಿಲ್ಲ ಎನ್ನುವವರಿಗೆ ಉತ್ತರ: ಗೃಹಲಕ್ಷ್ಮಿಯನ್ನು ನಾಳಿನ ಸರ್ಕಾರ ಬೇಕಾದರೆ ತಿದ್ದಬಹುದು, ಕೊಟ್ಟ ಪಿಂಚಣಿಯನ್ನು ಹಿಂದಕ್ಕೆ ಪಡೆಯಲಾಗದು.

ಹಾಗೆಂದು ಎನ್‌ಪಿಎಸ್ ಹೀಗೆಯೇ ಉಳಿಯುವುದೂ ಬೇಡ. ನೌಕರ ತನ್ನ ಶೇ 10 ಕಟ್ಟುತ್ತಲೇ ಇರಲಿ, ಕೊನೆಯ ಸಂಬಳದ ಅರ್ಧಕ್ಕೆ ಸರ್ಕಾರ ಖಾತರಿ ಕೊಡಲಿ. ಕೇಂದ್ರ 2025ರ ಏಪ್ರಿಲ್‌ನಿಂದ ಏಕೀಕೃತ ಪಿಂಚಣಿಯಲ್ಲಿ 25 ವರ್ಷ ದುಡಿದವರಿಗೆ ಹೆಚ್ಚುಕಡಿಮೆ ಇದನ್ನೇ ಕೊಟ್ಟಿದೆ. ಬೆಂಗಳೂರಿಗೆ ಅಡ್ಡಿಯಾಗಿರುವುದು ಲೆಕ್ಕವಲ್ಲ, ಅಳುಕು.

ಪಿಂಚಣಿ ದಾನವಲ್ಲ, ಸಲ್ಲಿಸಿದ ಸೇವೆಯ ಬಾಬ್ತು ಎಂದು ಡಿ.ಎಸ್. ನಾಕರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರ ಡಿಸೆಂಬರ್ 17ರಂದು ಹೇಳಿತು. ನೌಕರರ ಸಂಘಗಳಿಗೆ ಈ ತೀರ್ಪು ಬಾಯಿಪಾಠ. ಹಾಗಾದರೆ ಐವತ್ತು ವರ್ಷ ಕಬ್ಬು ಕಡಿದವನ, ಕಾಫಿ ತೋಟದಲ್ಲಿ ಬೆನ್ನು ಬಾಗಿಸಿದವಳ ದುಡಿಮೆ ಯಾವ ಬಾಬ್ತು? ಅವರಿಗೆ ಸಂಘವಿಲ್ಲ, ಮುಷ್ಕರ ಹೂಡಲು ಕಚೇರಿಯೂ ಇಲ್ಲ. ಮಾಸಾಶನಕ್ಕೂ ತುಟ್ಟಿಭತ್ಯೆಯ ಸೂತ್ರವನ್ನೇ ಕಟ್ಟಿ, ಬೆಲೆ ಏರಿದಂತೆ ತಾನಾಗಿ ಏರುವ ಹಾಗೆ ಕಾನೂನು ಮಾಡಬೇಕು. ಖಜಾನೆಯ ಮೇಲಿನ ಮೊದಲ ಹಕ್ಕು ಅದರದು, ನೌಕರರದು ಎರಡನೆಯದು.

ಶಾಸಕರ ಪಿಂಚಣಿ? ಒಂದು ಅವಧಿ ಗೆದ್ದರೆ ಸಾಕು, ಸ್ವಂತ ವಂತಿಗೆಯಿಲ್ಲದೆ ಜೀವನಪೂರ್ತಿ. ನೌಕರನಿಗೆ ಮಾರುಕಟ್ಟೆಯನ್ನು ನಂಬು ಎಂದವರು ತಮಗೆ ಮಾತ್ರ ಖಜಾನೆಯನ್ನು ನಂಬಿಕೊಂಡಿದ್ದಾರೆ. ಎಷ್ಟು ಸಲ ಗೆದ್ದರೂ ಒಂದೇ ಪಿಂಚಣಿ ಎಂದು ಪಂಜಾಬ್ 2022ರಲ್ಲಿ ಕಾನೂನು ಮಾಡಿತು. ನಾಲ್ಕು ಲಕ್ಷ ಕೋಟಿಯ ಬಜೆಟ್‌ನಲ್ಲಿ ಇದು ಸಣ್ಣ ಮೊತ್ತ ಎಂಬ ವಾದ ನಮಗೆ ಬೇಡ. ಸಣ್ಣದಾದರೆ ಬಿಟ್ಟುಕೊಡುವುದೂ ಸುಲಭ. ಶಾಸಕರೂ ಸಂಬಳದ ಶೇ 10 ಕಟ್ಟಿ ಎನ್‌ಪಿಎಸ್‌ಗೆ ಸೇರಲಿ. ಅಲ್ಲಿಯವರೆಗೆ ಪಿಂಚಣಿ ಸುಧಾರಣೆಯ ಬಗ್ಗೆ ನೌಕರರಿಗೆ ಬುದ್ಧಿ ಹೇಳುವ ಯೋಗ್ಯತೆ ಆ ಸದನಕ್ಕಿಲ್ಲ.

ಓದುಗರು ಮುಂದಿನ ಚುನಾವಣೆಯವರೆಗೆ ಕಾಯಬೇಕಿಲ್ಲ. ಜಾತ್ರೆಗೋ ಮದುವೆಗೋ ಶಾಸಕರು ಊರಿಗೆ ಬಂದಾಗ, ಹಾರ ಹಾಕುವ ಮುನ್ನ ಕೇಳಿ: ಮಾರ್ಚ್ 21ರಂದು ನೀವು ಯಾವ ಕಡೆ ಇದ್ದಿರಿ ಸಾಹೇಬ್ರೆ?