ಅರ್ಧ ಬೆಲೆಗೆ ಕಾದು ಕೂತವರಿಗೆ

ಕಳೆದ ತಿಂಗಳು ನಮ್ಮ ಸಹೋದರ ಪತ್ರಿಕೆಯೊಂದು ವಿಡಿಯೊ ಗೇಮುಗಳೆಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಬೈದಿತು. ರಮ್ಮಿ ಆ್ಯಪ್‌ಗಳಿಗೆ 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕಾಯ್ದೆ ತಂದು ಬಾಗಿಲು ಹಾಕಿಸಿದ್ದು ಸಾಲದು, ಉಳಿದ ಆಟಗಳಿಗೂ ಅದೇ ಗತಿ ಬರಲಿ ಎಂಬುದು ಅದರ ವಾದ. ಬರೆದವರು ಆ ಕಾಯ್ದೆಯನ್ನು ಓದಿಲ್ಲ. ಅದು ನಿಷೇಧಿಸಿದ್ದು ಆನ್‌ಲೈನ್‌ನಲ್ಲಿ ಹಣವನ್ನು ಪಣಕ್ಕಿಟ್ಟು ಆಡುವ ಆಟಗಳನ್ನು. ಒಬ್ಬರೋ ಇಬ್ಬರೋ ಕೂತು ಎರಡು ಮೂರು ವರ್ಷ ಕಥೆ ಕಟ್ಟಿ, ಚಿತ್ರ ಬರೆದು, ಸಂಗೀತ ಕೂಡಿಸಿ, ಒಂದು ಪುಸ್ತಕದಂತೆ ಬೆಲೆ ನಮೂದಿಸಿ ಮಾರಾಟಕ್ಕಿಡುವ ಆಟಕ್ಕೂ ಜೂಜಿಗೂ ಏನೇನೂ ಸಂಬಂಧವಿಲ್ಲ. ಜೂಜಿನವರು ಕೋಟಿಗಟ್ಟಲೆ ದುಡಿದರು. ಈ ಹುಡುಗರಿಗೆ ಮನೆ ಬಾಡಿಗೆ ಹುಟ್ಟುತ್ತಿಲ್ಲ. ಇಬ್ಬರನ್ನೂ ಒಂದೇ ಕೋಲಿನಿಂದ ಹೊಡೆಯುವುದು ಅನ್ಯಾಯ.

ನಾಗರಬಾವಿ ಎರಡನೇ ಹಂತದ ನಮ್ಮ ಕಚೇರಿಗೆ ಅಂಥ ಹುಡುಗರಲ್ಲಿ ಒಬ್ಬ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಿದ್ದ. ತನ್ನ ಆಟದ ಮಾರಾಟದ ಗೆರೆ ತೋರಿಸಿದ. ಬಿಡುಗಡೆಯ ವಾರ ಮೇಲೆದ್ದು, ಆಮೇಲೆ ನೆಲ ಹಿಡಿದು, ಬೇಸಿಗೆಯ ಸೇಲ್‌ನಲ್ಲಿ ಮಾತ್ರ ಮತ್ತೆ ತಲೆ ಎತ್ತಿದ ಗೆರೆ. ಕೆಳಗೊಂದು ಪ್ರತಿಕ್ರಿಯೆ: ‘ಆಟ ಸೂಪರ್ ಗುರು, ಡಿಸ್ಕೌಂಟ್ ಬಂದ್ಮೇಲೆ ತಗೋತೀನಿ.’ ಹೊಗಳಿದವನು ನಾನೂರೈವತ್ತು ರೂಪಾಯಿ ಬಿರಿಯಾನಿಗೆ ಎರಡು ಸಲ ಯೋಚಿಸುವವನಲ್ಲ ಅಂತ ಕಾಣುತ್ತದೆ.

ಲೆಕ್ಕ ಹಾಕೋಣ. ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ 500 ರೂಪಾಯಿಗೆ ಆಟ ಮಾರಾಟವಾದರೆ ಅದರೊಳಗೇ ಶೇ 18 ಜಿಎಸ್‌ಟಿ ಸೇರಿದೆ. ಅದು ಕಳೆದು ಉಳಿಯುವುದು ಸುಮಾರು 424. ಅದರಲ್ಲಿ ಅಂಗಡಿಯ ಪಾಲು ಶೇ 30. ಕೈಗೆ ಬರುವುದು 297ರ ಆಸುಪಾಸು. ಅರ್ಧ ಬೆಲೆಯ ಸೇಲ್‌ನಲ್ಲಿ ಅದೇ 148. ಚಿತ್ರ ಬರೆದವರಿಗೆ, ಸಂಗೀತ ಕೊಟ್ಟವರಿಗೆ ಹಂಚಬೇಕಾದ್ದು ಇದರಲ್ಲೇ. ನನಗೆ ಸಿಟ್ಟು ತರಿಸುವುದು ಇನ್ನೊಂದು. 2018ರಿಂದ ಆ ಅಂಗಡಿ 1 ಕೋಟಿ ಡಾಲರ್ ದಾಟಿ ದುಡಿಯುವ ಆಟಕ್ಕೆ ತನ್ನ ಪಾಲನ್ನು ಶೇ 25ಕ್ಕೂ, 5 ಕೋಟಿ ದಾಟಿದರೆ ಶೇ 20ಕ್ಕೂ ಇಳಿಸುತ್ತದೆ. ದೊಡ್ಡವನಿಗೆ ರಿಯಾಯಿತಿ, ಚಿಕ್ಕವನಿಗೆ ಪೂರ್ತಿ ಸುಂಕ. ಅದರ ಜತೆಗೆ, ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್. ಎಪ್ಪತ್ತು ಗಂಟೆಯ ಆಟಕ್ಕೆ ಅದು ನ್ಯಾಯವೇ. ಟೊರಾಂಟೊದ ತಂಡವೊಂದು ಮಾಡಿದ ‘ವೆಣ್ಬಾ’ ಆಟ ಇಡ್ಲಿ ಬೇಯಿಸುವುದರಿಂದ ಶುರುವಾಗಿ ಒಂದೂವರೆ ಗಂಟೆಯಲ್ಲಿ ಒಂದು ವಲಸೆ ಕುಟುಂಬದ ಸಂಕಟವನ್ನೆಲ್ಲ ಹೇಳಿ ಮುಗಿಸುತ್ತದೆ. ಅದಕ್ಕೆ 2024ರಲ್ಲಿ ಬಾಫ್ತಾ ಪ್ರಶಸ್ತಿಯೂ ಬಂತು. ಅಂಥ ಆಟವನ್ನು ಪೂರ್ತಿ ಆಡಿ, ಕಣ್ಣೊರೆಸಿಕೊಂಡು, ದುಡ್ಡು ವಾಪಸ್ ಕೇಳಲು ನಿಯಮ ಅಡ್ಡ ಬರುವುದಿಲ್ಲ. ‘ಒಂದೂವರೆ ಗಂಟೆಗೆ 15 ಡಾಲರ್ ಜಾಸ್ತಿ’ ಎನ್ನುವವರು ಸಣ್ಣಕಥೆಯನ್ನು ತೂಕಕ್ಕೆ ಹಾಕಿ ಕೊಳ್ಳುತ್ತಾರೆಯೇ?

ಈ ಅರ್ಧ ಬೆಲೆಯ ಚಟ ನಮಗೆ ಹೊಸದಲ್ಲ. ಕನ್ನಡ ಪುಸ್ತಕ ಪ್ರಾಧಿಕಾರ ರಾಜ್ಯೋತ್ಸವದ ತಿಂಗಳಲ್ಲಿ ಅರ್ಧ ಬೆಲೆಗೆ ಪುಸ್ತಕ ಕೊಡುತ್ತದೆ. ಸರ್ಕಾರದ ದುಡ್ಡಿನಲ್ಲಿ ಅದು ಕೊಡಬಹುದು. ಆದರೆ ಓದುಗ ಅದನ್ನೇ ಸಹಜ ಬೆಲೆ ಎಂದುಕೊಂಡ. ಖಾಸಗಿ ಪ್ರಕಾಶಕ ಬೆಲೆ ಮೊದಲೇ ಏರಿಸಿ ಆಮೇಲೆ ಇಳಿಸುವುದನ್ನು ಕಲಿತ. ಅವನಿಗೆ ಆಸರೆಯಾಗಬೇಕಾದ ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಮತ್ತೆ ಮತ್ತೆ ತಡವಾಗುತ್ತದೆ. ಬೆಂಗಳೂರಿನ ಆಸ್ತಿ ತೆರಿಗೆಯ ಜತೆ ನಾವು ಕಟ್ಟುವ ಗ್ರಂಥಾಲಯ ಕರ ಗ್ರಂಥಾಲಯಕ್ಕೆ ಸರಿಯಾಗಿ ಮುಟ್ಟುವುದಿಲ್ಲ. ಇದನ್ನು ಈ ಪುಟದಲ್ಲಿ ಎಷ್ಟು ಸಲ ಬರೆದೆನೋ, ಮುಟ್ಟುವ ತನಕ ಬರೆಯುತ್ತೇನೆ.

ಸರ್ಕಾರದ ವಿಷಯಕ್ಕೇ ಬರೋಣ. ಅನಿಮೇಷನ್ ಮತ್ತು ಗೇಮಿಂಗ್‌ಗೆ ದೇಶದಲ್ಲೇ ಮೊದಲು ನೀತಿ ತಂದ ರಾಜ್ಯ ನಮ್ಮದು, 2012ರಲ್ಲಿ. ಈಗಿರುವ 2024-29ರ ನೀತಿ 30 ಸಾವಿರ ಉದ್ಯೋಗದ ಮಾತಾಡುತ್ತದೆ, ವರಮಾನದ ಶೇ 80 ರಫ್ತಿನಿಂದಲೇ ಬರಬೇಕು ಎನ್ನುತ್ತದೆ. ಅಂದರೆ ಪರರ ಆಟಕ್ಕೆ ನಮ್ಮವರು ಚಿತ್ರ ಬರೆದು ಕೊಡುವುದೇ ಗುರಿ. ರಾಜೇಶ್ ರಾವ್ 1997ರಲ್ಲಿ ಇಲ್ಲಿ ಧ್ರುವ ಇಂಟರ‍್ಯಾಕ್ಟಿವ್ ಕಟ್ಟಿದರು. ಜಗತ್ತಿನ ದೊಡ್ಡ ದೊಡ್ಡ ಆಟಗಳಿಗೆ ಬೆಂಗಳೂರಿನ ಕೈ ದುಡಿಯಿತು. 2019ರಲ್ಲಿ ಅದು ಗೇಮ್ ಕಂಪನಿ ರಾಕ್‌ಸ್ಟಾರ್ ಪಾಲಾಯಿತು. 2025ರ ಫೆಬ್ರುವರಿಯಲ್ಲಿ ಅನಿಮೇಷನ್ ಕಂಪನಿ ಟೆಕ್ನಿಕಲರ್ ಪ್ಯಾರಿಸ್‌ನಲ್ಲಿ ಕುಸಿದಾಗ ಇಲ್ಲಿನ ಕಲಾವಿದರು ರಾತ್ರೋರಾತ್ರಿ ಬೀದಿಗೆ ಬಿದ್ದರು. ಸ್ವಂತ ಆಟವಿಲ್ಲದ ಕಸುಬಿಗೆ ಇದೇ ಗತಿ. ಸ್ವಂತ ಆಟ ಮಾಡಹೊರಟವರ ಪಾಡನ್ನು ಪುಣೆಯ ‘ರಾಜಿ’ ಆಟದ ತಂಡವನ್ನು ಕೇಳಿ: ಜನರಿಂದ ಚಂದಾ ಎತ್ತುವ ಪ್ರಯತ್ನ ಸೋತು, ತಂಡದ ಶ್ರುತಿ ಘೋಷ್ ತಮ್ಮ ಫ್ಲ್ಯಾಟ್ ಮಾರಿ ಕೆಲಸ ಮುಂದುವರಿಸಿದರು. 2020ರಲ್ಲಿ ಆಟ ಹೊರಬಂತು.

ಇನ್ನು ಕನ್ನಡ. ಆ ಹುಡುಗನ ಆಟದಲ್ಲಿ ಮಾತುಗಳು ಕನ್ನಡದಲ್ಲೇ ಇವೆ. ಅದಕ್ಕಾಗಿ ಅವನು ಪಟ್ಟ ಪಾಡನ್ನು ಪರದೆಯ ಮೇಲೆ ನೋಡಿದೆ. ಆಟ ಕಟ್ಟುವವರು ಹೆಚ್ಚಾಗಿ ಬಳಸುವ ಯೂನಿಟಿ ತಂತ್ರಾಂಶದ ರೂಢಿಯ ಅಕ್ಷರ ಸಲಕರಣೆಗೆ ನಮ್ಮ ಒತ್ತಕ್ಷರ ಗೊತ್ತಿಲ್ಲ. ‘ಕತ್ತಲು’ ಎಂದು ಕೊಟ್ಟರೆ ಒತ್ತು ಕೆಳಗಿಳಿಯದೆ ‘ಕತ್‌ತಲು’ ಎಂದು ಪಕ್ಕಕ್ಕೆ ಕೂರುತ್ತದೆ. ಅವನು ಕೆಲವು ಮಾತುಗಳನ್ನು ಚಿತ್ರವಾಗಿಯೇ ಬರೆದು ಅಂಟಿಸಿದ್ದಾನೆ, ಇನ್ನು ಕೆಲವನ್ನು ಒತ್ತಕ್ಷರ ಬಾರದಂತೆ ತಿದ್ದಿ ಬರೆದಿದ್ದಾನೆ. ಇದನ್ನು ಸರಿಪಡಿಸುವ ತಂತ್ರಾಂಶಕ್ಕೆ ರಾಜ್ಯದ ನೀತಿ ಹಣ ಕೊಡಲಿ. ಸಗಟು ಖರೀದಿಯ ಪಟ್ಟಿಗೆ ಕನ್ನಡದ ಆಟಗಳೂ ಸೇರಲಿ. ಡಿಜಿಟಲ್ ಗ್ರಂಥಾಲಯದಲ್ಲಿ ಮಕ್ಕಳು ಆಡಲಿ, ಮಾಡಿದವರಿಗೆ ಪೂರ್ತಿ ಬೆಲೆ ಸಿಗಲಿ.

‘ಆಟ ಸಾಹಿತ್ಯ ಪತ್ರಿಕೆಯ ವಿಷಯವೇ?’ ಎಂದು ಸಹೋದರ ಪತ್ರಿಕೆ ಕೇಳಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯಲ್ಲಿ ಆಟಗಳಿಗೆಂದು ಕೌತುಕನಿಧಿಯನ್ನೇ ಇಟ್ಟರು. ಅರಮನೆಗೆ ಇಲ್ಲದ ಮಡಿ ನಮಗೇಕೆ? ಗಳಗನಾಥರು ತಾವು ಬರೆದ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರು, ಶಿವರಾಮ ಕಾರಂತರು ಪುತ್ತೂರಿನಲ್ಲಿ ತಮ್ಮ ಪುಸ್ತಕ ತಾವೇ ಅಚ್ಚು ಹಾಕಿದರು. ಅವರ ಹೆಸರಲ್ಲಿ ಭಾಷಣ ಮಾಡುವವರು, ಅದೇ ಕೆಲಸವನ್ನು ಇವತ್ತು ನಾಗರಬಾವಿಯ ಬಾಡಿಗೆ ಕೋಣೆಯಲ್ಲಿ ಮಾಡುತ್ತಿರುವವನ ಆಟವನ್ನು ಒಮ್ಮೆ ಆಡಿಯಾದರೂ ತೀರ್ಪು ಕೊಡಬೇಕು.

ಈ ಸಂಚಿಕೆಯ ವಿಷಯ ‘ಆಟ’. ಮುಂದಿನ ತಿಂಗಳಿನಿಂದ ಆಟಗಳ ವಿಮರ್ಶೆಗೆ ಎರಡು ಪುಟ ಕಾಯಂ. ವಿಮರ್ಶಕರಿಗೆ ಉಚಿತ ಪ್ರತಿ ಕೇಳುವ ಹಾಗಿಲ್ಲ. ಪತ್ರಿಕೆಯೇ ಬಿಡುಗಡೆಯ ವಾರದಲ್ಲಿ ಪೂರ್ತಿ ಬೆಲೆಗೆ ಕೊಂಡು ಕೊಡುತ್ತದೆ. ಮಾಡಿದವರ ಊರು, ಬೆಲೆ, ಕನ್ನಡ ಇದೆಯೋ ಇಲ್ಲವೋ ಎಂಬ ಮೂರು ವಿವರ ಪ್ರತಿ ವಿಮರ್ಶೆಯ ತಲೆಯ ಮೇಲೆ ಅಚ್ಚಾಗುತ್ತವೆ.