ಬಸುರಿಯ ಬವಣೆ, ಕೂಸಿನ ಮಾತು

1998ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಸುರಿದ ಮಳೆ ವಿದ್ಯುತ್ ತಂತಿಗಳ ಮೇಲೆಯೇ ಹೆಪ್ಪುಗಟ್ಟಿತು. ಆ ಭಾರಕ್ಕೆ ಕಂಬಗಳು ಉರುಳಿದುವು. ಕಡುಚಳಿಯಲ್ಲಿ ಸುಮಾರು 30 ಲಕ್ಷ ಜನರಿಗೆ ವಿದ್ಯುಚ್ಛಕ್ತಿ ಇಲ್ಲವಾಯಿತು, ಕೆಲವರಿಗೆ ವಾರಗಟ್ಟಲೆ. ಆಗ ಗರ್ಭಿಣಿಯರಾಗಿದ್ದವರ ಮಕ್ಕಳನ್ನು ಮನಶ್ಶಾಸ್ತ್ರಜ್ಞೆ ಸುಜಾನ್ ಕಿಂಗ್ ಅವರ ತಂಡವು ವರ್ಷಾನುಗಟ್ಟಲೆ ಪರೀಕ್ಷಿಸಿತು. ಬಹಳ ಕಷ್ಟಕ್ಕೆ ಸಿಕ್ಕಿದ್ದ ತಾಯಂದಿರ ಮಕ್ಕಳಲ್ಲಿ ಐದೂವರೆ ವರ್ಷದಲ್ಲಿಯೂ ಭಾಷಾಸಾಮರ್ಥ್ಯವು ಸರಾಸರಿಯಾಗಿ ಕಡಮೆಯಿದ್ದಿತು. ತಾಯಿಯ ಹೆದರಿಕೆಗಿಂತ, ಆಕೆ ಎಷ್ಟು ದಿನ ಕತ್ತಲೆಯಲ್ಲಿ ಕಳೆದಳು, ಎಷ್ಟು ಸಲ ಮನೆ ಬಿಟ್ಟಳು ಎಂಬ ಲೆಕ್ಕವೇ ಈ ಕೊರತೆಗೆ ಹೊಂದಿಕೊಂಡಿತು. "ಬಸುರಿ ಚಿಂತಿಸಬಾರದು" ಎಂದು ಹಿತೋಪದೇಶ ಮಾಡಿ (ನಮ್ಮವರಿಗೆ ಇದು ಬಲು ಪ್ರಿಯ) ಹೊಣೆಯನ್ನೆಲ್ಲ ಆಕೆಯ ತಲೆಗೆ ಕಟ್ಟುವುದನ್ನು ನಾವು ಒಪ್ಪಲಾರೆವು. ನೆರೆ, ಬಿರುಗಾಳಿಗಳ ಕಾಲದಲ್ಲಿ ದೀಪವೂ ಆಶ್ರಯವೂ ಮೊದಲು ಗರ್ಭಿಣಿಯರಿಗೆ ದೊರೆಯಲಿ. ಸರ್ಕಾರಗಳನ್ನು ನಾವು ಕೇಳಬೇಕಾದುದು ಇದನ್ನು.