ಆಫರ್ ಲೆಟರ್ ಬಂತು, ಉಳಿಯೋದೆಲ್ಲಿ?

ಪ್ರತಿ ವರ್ಷ ಆಗಸ್ಟ್ ಬಂತೆಂದರೆ ನಮ್ಮ ಡಿಪಾರ್ಟ್‌ಮೆಂಟಿನ ನೋಟಿಸ್ ಬೋರ್ಡ್ ಮೇಲೆ ಫೋಟೋಗಳು ಏರುತ್ತವೆ. ಯಾವುದೋ ಯೂನಿವರ್ಸಿಟಿಯ ಗೇಟಿನ ಮುಂದೆ ಬ್ಯಾಗ್ ಹಾಕಿಕೊಂಡು ನಿಂತ ಸೀನಿಯರ್, ಕೆಳಗೆ 'ರಿಸರ್ಚ್ ಇಂಟರ್ನ್, ಜರ್ಮನಿ'. ಕಳೆದ ವರ್ಷ ಆ ಬೋರ್ಡಿನಲ್ಲಿ ನಾವು ಮೂವರೂ ಇದ್ದೆವು. ಮ್ಯೂನಿಕ್‌ನಲ್ಲಿ ಹತ್ತು ವಾರ ಇದ್ದು ಬಂದೆವು. ಅಂದಿನಿಂದ ಮೆಸ್ಸಿನಲ್ಲಿ, ಲೈಬ್ರರಿ ಮೆಟ್ಟಿಲಲ್ಲಿ, ಜೂನಿಯರ್‌ಗಳು ಕೇಳುವ ಪ್ರಶ್ನೆ ಒಂದೇ: "ಪ್ರೊಫೆಸರ್‌ಗೆ ಮೇಲ್ ಹೆಂಗೆ ಬರೆದ್ರಿ?" ಎಲ್ಲಿ ಉಳಿದುಕೊಂಡಿದ್ರಿ ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ.

ನಿಜ ಹೇಳಬೇಕೆಂದರೆ ಮೇಲ್ ಬರೆಯೋದು ಸುಲಭದ ಭಾಗ. ನೂರು ಮೇಲ್ ಹಾಕಿ, ತೊಂಬತ್ತೆಂಟಕ್ಕೆ ಉತ್ತರ ಬರಲ್ಲ, ಒಂದಕ್ಕೆ 'ಇಲ್ಲ', ಒಂದಕ್ಕೆ 'ಬಾ'. ಅಲ್ಲಿಗೆ ಮುಗೀತು. ಆದರೆ ಆ 'ಬಾ' ಬಂದ ಮೇಲೆ ಹತ್ತು ವಾರಕ್ಕೆ ಒಂದು ಕೋಣೆ ಹುಡುಕೋದಿದೆಯಲ್ಲ, ಅದು ನಮ್ಮ ನಿದ್ದೆ ಕೆಡಿಸಿತು. ನಮ್ಮಲ್ಲೊಬ್ಬನ ಲಕ್ಷ ರೂಪಾಯಿಯನ್ನೂ ನುಂಗಿತು. ಇದನ್ನು ಒಬ್ಬೊಬ್ಬ ವಿದ್ಯಾರ್ಥಿಯ ಖಾಸಗಿ ತಲೆನೋವು ಅಂತ ಕಾಲೇಜು ಬಿಟ್ಟುಬಿಟ್ಟಿರೋದು ತಪ್ಪು ಅನ್ನೋದು ನಮ್ಮ ಅಭಿಪ್ರಾಯ. ಅದಕ್ಕೇ ಈ ಬರಹ.

ಮೊದಲನೇ ತೊಡಕು ಕ್ಯಾಲೆಂಡರಿನದು. ನಮಗೆ ರಜೆ ಸಿಗೋದು ಮೇ ಮಧ್ಯದಿಂದ ಜುಲೈ ಕೊನೆಯವರೆಗೆ. ಅಲ್ಲಿ ಅದೇ ಹೊತ್ತಿಗೆ ಬೇಸಿಗೆ ಸೆಮಿಸ್ಟರ್ ಭರ್ತಿ ನಡೀತಿರುತ್ತದೆ. ಜರ್ಮನ್ ವಿದ್ಯಾರ್ಥಿಗಳ ಕೋಣೆಗಳು ಖಾಲಿಯಾಗೋದು ಆಗಸ್ಟ್‌ನಿಂದ ಅಕ್ಟೋಬರ್ ಮಧ್ಯದವರೆಗೆ, ಅಂದರೆ ನಾವು ಇಲ್ಲಿಗೆ ಬಂದು ಲ್ಯಾಬ್ ರೆಕಾರ್ಡ್ ಬರೆಯುತ್ತಿರುವಾಗ. ಎರಡನೇ ತೊಡಕು ಗಂಟು ಬಿದ್ದ ದಾರದಂಥದ್ದು. ವೀಸಾ ಅರ್ಜಿಗೆ ಎಲ್ಲಿ ಉಳಿಯುತ್ತೀರಿ ಎಂಬುದಕ್ಕೆ ಪುರಾವೆ ಬೇಕು. ಕೋಣೆ ಕೊಡುವವರಿಗೆ ನೀವು ಎದುರಿಗೆ ಬಂದು ನೋಡಬೇಕು, ನಿಮ್ಮನ್ನು ಅವರೂ ನೋಡಬೇಕು. ನೋಡೋಕೆ ಹೋಗಬೇಕೆಂದರೆ ವೀಸಾ ಬೇಕು! ಇದರ ಮೇಲೆ ಮ್ಯೂನಿಕ್ ಬೇರೆ. ಬಾಡಿಗೆ ವಿಷಯದಲ್ಲಿ ಜರ್ಮನಿಯ ದುಬಾರಿ ಊರು ಅದು. ನಮಗೆ ಸಿಗುತ್ತಿದ್ದ ಸ್ಟೈಪೆಂಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೋಣೆಗೇ ಹೋಗುತ್ತದೆ ಅಂತ ಮೊದಲ ವಾರದ ಹುಡುಕಾಟದಲ್ಲೇ ಗೊತ್ತಾಯಿತು.

ಈಗ ಆ ಲಕ್ಷದ ಕಥೆ.

ಏಪ್ರಿಲ್ ಎರಡನೇ ವಾರ. ಇನ್ನೂ ಕೋಣೆ ಸಿಗದೆ ನಾವು ಮೂವರೂ ಹಾಸ್ಟೆಲಿನಲ್ಲಿ ರಾತ್ರಿ ಎರಡರವರೆಗೆ ಜಾಹೀರಾತು ನೋಡುತ್ತಿದ್ದೆವು. ನಮ್ಮಲ್ಲೊಬ್ಬನಿಗೆ ಒಂದು ಸಿಕ್ಕಿತು. ಶ್ವಾಬಿಂಗ್ ಹತ್ತಿರ, ಒಂದು ಕೋಣೆಯ ಪೂರ್ತಿ ಮನೆ, ಬಾಲ್ಕನಿ, ಎಲ್ಲ ಸೇರಿ ತಿಂಗಳಿಗೆ 480 ಯೂರೋ. ಮನೆ ಒಡತಿ ಡಾಕ್ಟರ್ ಅಂತೆ, ಕೆಲಸದ ಮೇಲೆ ಸ್ಪೇನಿಗೆ ಹೋಗಿದ್ದಾರಂತೆ. ಇಂಗ್ಲಿಷ್ ಚೆನ್ನಾಗಿತ್ತು. ತಮ್ಮ ಪಾಸ್‌ಪೋರ್ಟಿನ ಫೋಟೋ ಕಳಿಸಿದರು, ಸಹಿ ಹಾಕಿದ ಕರಾರು ಪತ್ರ ಕಳಿಸಿದರು. "ನಿನ್ನ ವೀಸಾಗೆ ಇದು ಉಪಯೋಗಕ್ಕೆ ಬರುತ್ತೆ" ಅಂತಲೂ ಅವರೇ ಹೇಳಿದರು. ಮೊದಲ ತಿಂಗಳ ಬಾಡಿಗೆ 480, ಡೆಪಾಸಿಟ್ 720, ಒಟ್ಟು 1,200 ಯೂರೋ ಹಾಕಿದರೆ ಬೀಗದಕೈ ಕೊರಿಯರಿನಲ್ಲಿ ಬರುತ್ತದೆ. ಬೇರೆ ಇಬ್ಬರು ಕೇಳುತ್ತಿದ್ದಾರೆ, ನಾಳೆಯೊಳಗೆ ಹೇಳು.

ಊರಿನಲ್ಲಿ ಅವನ ಅಪ್ಪ ಸಹಕಾರಿ ಸಂಘದಲ್ಲಿ ಅಮ್ಮನ ಸರ ಅಡವಿಟ್ಟು ದುಡ್ಡು ಹೊಂದಿಸಿದರು. ಬೀಗದಕೈ ಬರಲಿಲ್ಲ. ಕೇಳಿದಾಗ ಕೊರಿಯರ್ ತಡವಾಗಿದೆ, ಪಕ್ಕದ ಮನೆಯವರ ಹತ್ತಿರ ಇಟ್ಟಿದ್ದೇನೆ ಅಂತ ಉತ್ತರ ಬಂತು. ಆಮೇಲೆ ಉತ್ತರವೇ ಬರಲಿಲ್ಲ. ಆದರೂ ಇವನು ನಂಬಿಕೊಂಡೇ ವಿಮಾನ ಹತ್ತಿದ. ಆ ವಿಳಾಸದಲ್ಲಿ ಕಟ್ಟಡ ಇತ್ತು, ಫೋಟೋದಲ್ಲಿದ್ದ ಬಾಲ್ಕನಿಯೂ ಇತ್ತು. ಜರ್ಮನಿಯಲ್ಲಿ ಮನೆ ನಂಬರಿಗಿಂತ ಕರೆಗಂಟೆಯ ಪಕ್ಕದ ಹೆಸರು ಮುಖ್ಯ. ಯಾರ ಮನೆ ಅಂತ ಹೆಸರು ನೋಡಿಯೇ ಒತ್ತಬೇಕು. ಆ ಹಲಗೆಯಲ್ಲಿ ಆ ಡಾಕ್ಟರಮ್ಮನ ಹೆಸರು ಇರಲಿಲ್ಲ. ಒಳಗಿನಿಂದ ಬಂದ ಒಬ್ಬರು ಇವನ ಕೈಲಿದ್ದ ಕರಾರು ಪತ್ರ ನೋಡಿ, ಈ ವರ್ಷ ಹೀಗೆ ಬಂದವರಲ್ಲಿ ನೀನು ನಾಲ್ಕನೆಯವನು ಅಂದರು.

ಇವನು ದಡ್ಡನಲ್ಲ. ನಮ್ಮ ಮೂವರಲ್ಲಿ ಸಿಜಿಪಿಎ ಜಾಸ್ತಿ ಇರೋದು ಇವನಿಗೇ. ಮೋಸ ಹೋಗಿದ್ದು ದಡ್ಡತನದಿಂದಲ್ಲ, ಅಭ್ಯಾಸದಿಂದ ಅಂತ ಈಗ ನಮಗನ್ನಿಸುತ್ತದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳೋದನ್ನು ನೋಡಿ ಬೆಳೆದವರು ನಾವು. ಟೋಕನ್ ಕೊಡದಿದ್ದರೆ ಮನೆ ಕೈತಪ್ಪುತ್ತೆ ಅನ್ನೋದು ನಮ್ಮ ರಕ್ತದಲ್ಲಿದೆ. ಹಾಗಾಗಿ ಯಾರೋ ಅವಸರ ಮಾಡಿ ಮುಂಗಡ ಕೇಳಿದರೆ ನಮಗೆ ಅನುಮಾನವೇ ಬರಲ್ಲ. ಜರ್ಮನಿಯ ಕಾನೂನು ಬೇರೆ. ಅಲ್ಲಿ ಡೆಪಾಸಿಟ್ ಮೂರು ತಿಂಗಳ ಮೂಲ ಬಾಡಿಗೆ ಮೀರುವ ಹಾಗಿಲ್ಲ. ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕು ಬಾಡಿಗೆದಾರನಿಗಿದೆ, ಮೊದಲ ಕಂತು ಕೊಡಬೇಕಾದ್ದು ಬಾಡಿಗೆ ಶುರುವಾಗುವಾಗ. ಈ ಒಂದು ಸಾಲು ಯಾರಾದರೂ ಏಪ್ರಿಲಿನಲ್ಲಿ ನಮಗೆ ಹೇಳಿದ್ದರೆ ಆ ಸರ ಅಡವಿಗೆ ಹೋಗುತ್ತಿರಲಿಲ್ಲ.

ಯಾರೂ ಹೇಳಲಿಲ್ಲ ಯಾಕೆ? ನಮಗಿಂತ ಎರಡು ವರ್ಷ ಮುಂಚೆ ಹೋಗಿದ್ದ ಒಬ್ಬ ಸೀನಿಯರ್‌ಗೂ ಹೀಗೇ ಆಗಿತ್ತು ಅಂತ ವಾಪಸ್ ಬಂದ ಮೇಲೆ ಗೊತ್ತಾಯಿತು. ಅವರು ಯಾರಿಗೂ ಹೇಳಿರಲಿಲ್ಲ. ನಾಚಿಕೆ. ನಮ್ಮವನೂ ಅಷ್ಟೇ. ಮನೆಗೆ ಫೋನ್ ಮಾಡಿದಾಗೆಲ್ಲ ಬಾಲ್ಕನಿಯಿಂದ ಮರ ಕಾಣ್ಸುತ್ತೆ ಅಂತ ಹೇಳುತ್ತಿದ್ದ. ಮಲಗುತ್ತಿದ್ದದ್ದು ನಮ್ಮಲ್ಲಿ ಇನ್ನೊಬ್ಬನ ಕೋಣೆಯ ನೆಲದ ಮೇಲೆ. ಇಲ್ಲಿಂದ ದುಡ್ಡು ಹೋದ ಕೂಡಲೇ 1930ಕ್ಕೆ ಫೋನ್ ಮಾಡಿ ಸೈಬರ್ ದೂರು ಕೊಡಬೇಕಿತ್ತು. ಆ ಕೆಲಸದಲ್ಲಿ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ, ಇವನು ವಾರಗಟ್ಟಲೆ ಸುಮ್ಮನಿದ್ದ. ಈ ಲೇಖನ ಬರೆಯೋಣ ಅಂತ ಕೂತಾಗ ನಾವಿಬ್ಬರೂ ಒಂದು ಷರತ್ತು ಹಾಕಿದೆವು: ಮೊದಲು ಮನೆಗೆ ಹೇಳು. ಹೇಳಿದ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟು ದಿನ ಊಟಕ್ಕೇನು ಮಾಡ್ದೆ ಮಗಾ?" ಅಂತ ಕೇಳಿದರಂತೆ.

ಇನ್ನು ನಮಗೆ ಕೋಣೆ ಸಿಕ್ಕಿದ್ದು ಹೇಗೆ ಅನ್ನೋದು. ಒಬ್ಬನಿಗೆ ಸಿಕ್ಕಿದ್ದು 'ವೇಗೇ'ಯಲ್ಲಿ. ಅಡುಗೆಮನೆ, ಬಚ್ಚಲು ಹಂಚಿಕೊಂಡು ಮೂರ್ನಾಲ್ಕು ಜನ ಒಟ್ಟಿಗಿರುವ ಮನೆಗೆ ಅಲ್ಲಿ ಹಾಗೆನ್ನುತ್ತಾರೆ. ಅದರಲ್ಲಿ ಯಾರಾದರೂ ಇಂಟರ್ನ್‌ಶಿಪ್ಪಿಗೋ ಬೇರೆ ದೇಶದಲ್ಲಿ ಒಂದು ಸೆಮಿಸ್ಟರ್ ಓದೋಕೋ ಹೋದರೆ ಅವರ ಕೋಣೆಯನ್ನು ಅಷ್ಟು ದಿನಕ್ಕೆ ಬಾಡಿಗೆಗೆ ಕೊಡುತ್ತಾರೆ. ಇದಕ್ಕೆ 'ತ್ಸ್ವಿಶೆನ್‌ಮೀಟೆ' ಅಂತ ಹೆಸರು, ನಡುವಿನ ಬಾಡಿಗೆ ಅಂತ ಅರ್ಥ. ನಮ್ಮಂಥವರು ಹುಡುಕಬೇಕಾದ ಪದ ಇದೊಂದೇ. ಆದರೆ ಕೋಣೆ ಕೊಡೋ ಮುಂಚೆ ಮನೆಯವರೆಲ್ಲ ಕೂತು ವಿಡಿಯೋ ಕಾಲಿನಲ್ಲಿ ಸಂದರ್ಶನ ಮಾಡುತ್ತಾರೆ. ಹೆಣ್ಣು ನೋಡೋ ಶಾಸ್ತ್ರದ ಥರ. ಪಾತ್ರೆ ಯಾವಾಗ ತೊಳೀತೀಯ, ರಾತ್ರಿ ಎಷ್ಟು ಹೊತ್ತಿಗೆ ಮಲಗ್ತೀಯ, ಕಸ ಬೇರ್ಪಡಿಸೋದು ಗೊತ್ತಾ, ವಾರಕ್ಕೊಮ್ಮೆ ಬಚ್ಚಲು ತೊಳೆಯೋ ಪಾಳಿಗೆ ಒಪ್ಪಿಗೆಯಾ. ಹಾಸ್ಟೆಲಿನಲ್ಲಿ ಬಕೆಟ್ ಕೂಡ ತೊಳೆಯದವನು ಎಲ್ಲಕ್ಕೂ 'ಯಸ್' ಅಂದ. ಮೊದಲ ದಿನ ಸಾರಿಗೆ ಒಗ್ಗರಣೆ ಹಾಕಿದಾಗ ಹೊಗೆಯ ಅಲಾರಂ ಕೂಗಿಕೊಂಡು ನಾಲ್ಕೂ ಜನ ಓಡಿಬಂದರು, ಅದು ಬೇರೆ ಮಾತು. ಹೀಗೆ ಒಳಬಾಡಿಗೆಗೆ ಕೊಡೋಕೆ ಮನೆ ಮಾಲೀಕರ ಒಪ್ಪಿಗೆ ಬೇಕು. ಒಪ್ಪಿಗೆ ಇದೆಯಾ ಅಂತ ಬರವಣಿಗೆಯಲ್ಲಿ ಕೇಳಿ, ನಿಜವಾದವರು ಬೇಜಾರು ಮಾಡಿಕೊಳ್ಳಲ್ಲ.

ಇನ್ನೊಬ್ಬನ ಕಥೆ ಇನ್ನೂ ಸರಳ. ಕೋಣೆ ವಿಷಯಕ್ಕೆ ಪ್ರೊಫೆಸರ್‌ಗೆ ಬರೆದ ಮೇಲ್‌ಗೆ ಉತ್ತರವಿಲ್ಲ. ಅದನ್ನೇ ಪ್ರೊಫೆಸರರ ಸೆಕ್ರೆಟರಿಗೆ ಬರೆದ. ಅವರು ಅದನ್ನು ಇಡೀ ವಿಭಾಗಕ್ಕೆ ಕಳಿಸಿದರು. ಎರಡು ದಿನದಲ್ಲಿ ಫ್ರೈಸಿಂಗ್ ಅನ್ನೋ ಪಕ್ಕದ ಊರಿನಲ್ಲಿ ಒಬ್ಬ ನಿವೃತ್ತ ಟೀಚರಜ್ಜಿಯ ಮನೆಯ ಮಹಡಿ ಕೋಣೆ ಸಿಕ್ಕಿತು, 430 ಯೂರೋ, ಡೆಪಾಸಿಟ್ ಇಲ್ಲ. ನಮ್ಮ ಲ್ಯಾಬ್ ಇದ್ದದ್ದು ಗಾರ್ಶಿಂಗ್‌ನಲ್ಲಿ, ಮ್ಯೂನಿಕ್‌ನ ಯು6 ಮೆಟ್ರೋದ ಉತ್ತರದ ತುದಿ. ಅಲ್ಲಿಗೆ ಊರ ನಡುವಿನಿಂದ ಬರುವುದೂ ದೂರವೇ, ಫ್ರೈಸಿಂಗ್‌ನಿಂದ ಬರುವುದೂ ದೂರವೇ. ಡಾಯ್ಚ್‌ಲಾಂಡ್ ಟಿಕೆಟ್ ಅಂತ ತಿಂಗಳ ಪಾಸ್ ಇದೆ. ನಾವಿದ್ದಾಗ 58 ಯೂರೋ, 2026ರ ಜನವರಿಯಿಂದ 63 ಆಗಿದೆ. ಇಡೀ ದೇಶದ ಸಿಟಿ ಬಸ್ಸು, ಮೆಟ್ರೋ, ಪ್ರಾದೇಶಿಕ ರೈಲು ಎಲ್ಲದರಲ್ಲೂ ನಡೆಯುತ್ತದೆ. ಆದ್ದರಿಂದ ಊರಿನ ಹೆಸರು ಹಾಕಿ ಹುಡುಕಬೇಡಿ, ರೈಲು ದಾರಿ ಹಿಡಿದು ಹುಡುಕಿ. (ಆ ಪಾಸನ್ನು ನಿಲ್ಲಿಸಬೇಕಾದರೆ ಆ ತಿಂಗಳ 10ನೇ ತಾರೀಖಿನೊಳಗೆ ಹೇಳಬೇಕು. ನಾವು 12ಕ್ಕೆ ಹೇಳಿ ಇನ್ನೊಂದು ತಿಂಗಳಿನ ದುಡ್ಡು ಕಟ್ಟಿದ್ದೇವೆ.)

ಜಾಹೀರಾತಿನ ಬೆಲೆ ಓದುವಾಗ ಒಂದು ಎಚ್ಚರ. 'ಕಾಲ್ಟ್', ಅಂದರೆ ತಣ್ಣನೆಯದು ಅಂತಿದ್ದರೆ ಅದು ಬರೀ ಗೋಡೆಗಳ ಬಾಡಿಗೆ. 'ವಾರ್ಮ್' ಅಂತಿದ್ದರೆ ನೀರು, ಹೀಟಿಂಗ್ ಸೇರಿದ ಲೆಕ್ಕ, ಅದರಲ್ಲೂ ಕರೆಂಟು ಮತ್ತು ಇಂಟರ್‌ನೆಟ್ ಸೇರಿದೆಯಾ ಅಂತ ಕೇಳಬೇಕು.

ಮೋಸ ಹೋದವನಿಗೂ ಜೂನ್ ಮಧ್ಯದಲ್ಲಿ ಒಂದು ಜಾಗ ಸಿಕ್ಕಿತು. 1972ರ ಒಲಿಂಪಿಕ್ಸ್‌ನಲ್ಲಿ ಮಹಿಳಾ ಕ್ರೀಡಾಪಟುಗಳು ಉಳಿದಿದ್ದ ಬಡಾವಣೆ ಈಗ ವಿದ್ಯಾರ್ಥಿಗಳ ವಸತಿ. ಸಾಲು ಸಾಲು ಪುಟ್ಟ ಮನೆಗಳು, ಮುಂಬಾಗಿಲ ಗೋಡೆಗೆಲ್ಲ ವಿದ್ಯಾರ್ಥಿಗಳೇ ಬಳಿದ ಚಿತ್ರಗಳು. ಅಲ್ಲಿನ ಒಬ್ಬ ಹುಡುಗ ಆರು ವಾರ ಬೇರೆ ಊರಿಗೆ ಹೊರಟಿದ್ದ. ವಸತಿ ಕಚೇರಿಯ ಒಪ್ಪಿಗೆ ಪಡೆದು, ಕೈಕುಲುಕಿ, ಬೀಗದಕೈ ಕೊಟ್ಟ ಮೇಲೇ ದುಡ್ಡು ತಗೊಂಡ.

ಇದನ್ನೆಲ್ಲ ಹೇಳಿದಾಗ ನಮ್ಮ ಮೇಷ್ಟ್ರೊಬ್ಬರು, "ಏರ್‌ಬಿಎನ್‌ಬಿ ತಗೋಬಹುದಿತ್ತಲ್ಲ?" ಅಂದರು. ಒಂದು ವಾರಕ್ಕೆ ಸರಿ ಸಾರ್, ಹತ್ತು ವಾರಕ್ಕೆ ಲೆಕ್ಕ ಹಾಕಿ ನೋಡಿ. ಮೇಲಾಗಿ ಊರಿನವರಿಗೇ ಮನೆ ಸಾಲದೆ ಅಲ್ಲಿನ ಪಾಲಿಕೆಗಳು ಬಿಗಿ ಮಾಡುತ್ತಿವೆ. ಮ್ಯೂನಿಕ್‌ನಲ್ಲಿ ವರ್ಷಕ್ಕೆ ಎಂಟು ವಾರಕ್ಕಿಂತ ಹೆಚ್ಚು ಕಾಲ ಇಡೀ ಮನೆಯನ್ನು ಪ್ರವಾಸಿಗಳಿಗೆ ಕೊಡಬೇಕಾದರೆ ಅನುಮತಿ ಬೇಕು. ಬಾರ್ಸಿಲೋನಾ ಅಂತೂ 2028ರ ನವೆಂಬರ್ ಹೊತ್ತಿಗೆ ಹತ್ತು ಸಾವಿರಕ್ಕೂ ಹೆಚ್ಚು ಪ್ರವಾಸಿ ಮನೆಗಳ ಲೈಸೆನ್ಸ್ ಮುಗಿಸುತ್ತೇವೆ ಅಂತ 2024ರಲ್ಲೇ ಹೇಳಿದೆ. ಅವರು ಮಾಡುತ್ತಿರೋದು ತಪ್ಪು ಅಂತ ನಮಗನ್ನಿಸಲ್ಲ. ಅಲ್ಲಿನ ವಿದ್ಯಾರ್ಥಿಗಳೂ ನಮ್ಮ ಹಾಗೇ ಕೋಣೆ ಇಲ್ಲದೆ ಒದ್ದಾಡೋದನ್ನು ನೋಡಿದ್ದೇವೆ. ಹೊರಟವನ ಕೋಣೆಯನ್ನು ಅವನು ಬರೋವರೆಗೆ ಕಾಯ್ದುಕೊಳ್ಳೋ ಬಾಡಿಗೆಯಲ್ಲಿ ಯಾರ ಮನೆಯೂ ಕಡಿಮೆಯಾಗಲ್ಲ. ನಮಗೆ ಅದು ಇಷ್ಟವಾಗಿದ್ದು ಅದಕ್ಕೂ ಹೌದು.

ಹಾಗಾದರೆ ಕಾಲೇಜು ಏನು ಮಾಡಬೇಕು? ಕಟ್ಟಡ ಕಟ್ಟಿಸಿ ಅಂತ ನಾವು ಕೇಳ್ತಿಲ್ಲ. ಇಂಟರ್ನ್‌ಶಿಪ್ಪಿನಿಂದ ಬಂದವರಿಂದ ರಿಪೋರ್ಟ್, ಸರ್ಟಿಫಿಕೇಟ್, ಫೋಟೋ ಇಷ್ಟನ್ನೂ ಕಾಲೇಜು ಕಡ್ಡಾಯವಾಗಿ ತಗೊಳ್ಳುತ್ತದೆ. ಅದರ ಜೊತೆ ಒಂದು ಪುಟ: ಎಲ್ಲಿ ಉಳಿದಿರಿ, ಎಷ್ಟು ಕೊಟ್ಟಿರಿ, ಯಾರ ಮೂಲಕ, ಆ ಕೋಣೆ ಮುಂದಿನ ವರ್ಷ ಸಿಗುತ್ತದಾ, ಏನು ಎಡವಟ್ಟಾಯಿತು. ಇಷ್ಟನ್ನು ಐದು ವರ್ಷ ಕೂಡಿಟ್ಟಿದ್ದರೆ ನಾವು ಏಪ್ರಿಲಿನಲ್ಲಿ ಕತ್ತಲಲ್ಲಿ ತಡಕಾಡುತ್ತಿರಲಿಲ್ಲ. ಈ ಮಾತನ್ನು ಕಚೇರಿಗೆ ಹೋಗಿ ಹೇಳಿದೆವು. ವಸತಿ ವಿದ್ಯಾರ್ಥಿಯ ಸ್ವಂತ ಜವಾಬ್ದಾರಿ, ಕಾಲೇಜು ವಿಳಾಸ ಕೊಟ್ಟು ನಾಳೆ ಹೆಚ್ಚುಕಮ್ಮಿಯಾದರೆ ಯಾರು ಹೊಣೆ ಅಂತ ಕೇಳಿದರು. ಆ ಭಯ ಸುಳ್ಳಲ್ಲ. ಆದರೆ ಈಗ ಹೆಚ್ಚುಕಮ್ಮಿಯಾಗಿದೆಯಲ್ಲ, ಅದಕ್ಕೆ ಯಾರು ಹೊಣೆ? ಮನೆಯಲ್ಲಿ ದುಡ್ಡಿರುವವರು ಹೇಗೋ ದುಬಾರಿ ಕೋಣೆ ಹಿಡಿಯುತ್ತಾರೆ. ಇಲ್ಲದವರು ಆಫರ್ ಲೆಟರ್ ಬಂದರೂ 'ಬೇಡ ಬಿಡು' ಅಂತಾರೆ. ನಮ್ಮದೇ ಬ್ಯಾಚಿನಲ್ಲಿ ಒಬ್ಬಳು ಹಾಗೆ ಬಿಟ್ಟಳು. ಬೋರ್ಡಿನಲ್ಲಿ ಅವಳ ಫೋಟೋ ಇಲ್ಲ.

ಒಂದು ಮಾತು ನಮಗೂ ಅನ್ವಯಿಸುತ್ತದೆ. ಬೀದರಿನಿಂದಲೋ ಅಸ್ಸಾಮಿನಿಂದಲೋ ಎರಡು ತಿಂಗಳ ಪ್ರಾಜೆಕ್ಟಿಗೆ ನಮ್ಮ ಊರಿಗೆ ಬರುವ ಹುಡುಗರಿಗೆ ಕಾಲೇಜಿನ ಎದುರಿನ ಪಿಜಿಗಳು ಆರು ತಿಂಗಳ ದುಡ್ಡು ಕೇಳುತ್ತವೆ, ರಸೀದಿ ಇಲ್ಲ. ಜುಲೈನಲ್ಲಿ ನಮ್ಮ ಹಾಸ್ಟೆಲಿನಲ್ಲಿ ಒಂದು ಬ್ಲಾಕ್ ಪೂರ್ತಿ ಬೀಗ ಹಾಕಿರುತ್ತದೆ. ಫ್ರೈಸಿಂಗಿನ ಅಜ್ಜಿ ನಮಗೆ ಕೊಟ್ಟಿದ್ದನ್ನು ಇಲ್ಲಿ ಯಾರು ಅವರಿಗೆ ಕೊಡುತ್ತಿದ್ದಾರೆ ಅಂತ ಈ ಸಲ ಬೇಸಿಗೆಗೆ ಮುಂಚೆ ಹಾಸ್ಟೆಲ್ ಸಮಿತಿಯಲ್ಲಿ ಕೇಳೋಣ ಅಂತಿದ್ದೇವೆ.

ಕಚೇರಿ ಮಾಡುವವರೆಗೆ ಕಾಯೋದು ಬೇಡ ಅಂತ ಆ ಒಂದು ಪುಟವನ್ನು ನಾವೇ ಶುರು ಮಾಡಿದ್ದೇವೆ. ಈಗ ಹನ್ನೊಂದು ಜನ ಸೀನಿಯರ್‌ಗಳು ಬರೆದಿದ್ದಾರೆ, ಅದರಲ್ಲಿ ಮೂವರು ದುಡ್ಡು ಕಳೆದುಕೊಂಡವರು, ಹೆಸರು ಹಾಕಬೇಡಿ ಅಂತ ಕೇಳಿಕೊಂಡಿದ್ದಾರೆ, ಹಾಕಿಲ್ಲ. ಪುಸ್ತಕ ಕನ್ನಡ ಸಂಘದ ಕೋಣೆಯ ಬೀರುವಿನಲ್ಲಿದೆ. ಈ ವರ್ಷ ಆಫರ್ ಬಂದಿರುವವರು ಗುರುವಾರ ಸಂಜೆ ಐದೂವರೆಗೆ ಬನ್ನಿ. ಅಜ್ಜಿಯ ಕೋಣೆ ಮೇ 15ರಿಂದ ಖಾಲಿ ಇದೆಯಂತೆ. ಬರುವವರು ಸಾರಿನ ಪುಡಿ ತರಬೇಕು ಅಂತ ಹೇಳಿ ಕಳಿಸಿದ್ದಾರೆ.